ಯೂರಿಯಾ ಕರಗಿಸಿದರೆ ಬಕೆಟ್ ತಣ್ಣಗಾಗುತ್ತದೆ, ಸರಿ. ಆದರೆ ಒಳಗಿನ ನೀರಿಗೆ ಏನಾಗುತ್ತದೆ?

ಹಾವೇರಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆಯಲ್ಲಿ ಎರಡು ಎಕರೆ ಗೋವಿನಜೋಳವೂ ಇದೆ. ಹೋದ ಭಾನುವಾರ ಎಲೆಗೆ ಹೊಡೆಯಲು ಯೂರಿಯಾ ಕಲಸುತ್ತಿದ್ದೆ. ಮೊದಲು ಸಣ್ಣ ಬಕೆಟ್‌ನಲ್ಲಿ ಗಟ್ಟಿಯಾಗಿ ಕರಗಿಸಿಕೊಂಡು, ಆಮೇಲೆ ಪಂಪಿಗೆ ಸುರಿದು ನೀರು ತುಂಬಿಸುವುದು ನಮ್ಮ ರೂಢಿ. ಕದಡುತ್ತಿದ್ದ ಹಾಗೆ ಬಕೆಟ್‌ನ ಹೊರಮೈ ಬೆವರಿತು. ಮಗಳು ಏಳನೇ ಕ್ಲಾಸು. ಬಕೆಟ್ ಮುಟ್ಟಿ ನೋಡಿ ಕೇಳಿದಳು: "ಅಪ್ಪಾ, ನೀರಿಗೆ ಏನಾಯ್ತು?"

ಥರ್ಮಾಮೀಟರ್ ತಂದು ಮತ್ತೆ ಮಾಡಿ ತೋರಿಸಿದೆ. 300 ಎಂಎಲ್ ನೀರಿಗೆ 100 ಗ್ರಾಂ ಯೂರಿಯಾ. 27 ಡಿಗ್ರಿ ಇದ್ದದ್ದು 13ಕ್ಕೆ ಇಳಿಯಿತು. ಹರಳಿನಲ್ಲಿ ಯೂರಿಯಾ ಅಣುಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ಬಿಡಿಸಲು ಶಾಖ ಬೇಕು, ಅದನ್ನು ನೀರಿನಿಂದಲೇ ತೆಗೆದುಕೊಳ್ಳುತ್ತವೆ ಅಂತ ಹೇಳಿದೆ. ತಪ್ಪಲ್ಲ. ಆದರೆ ಅವಳು ಕೇಳಿದ್ದು ಯೂರಿಯಾಕ್ಕೆ ಏನಾಯ್ತು ಅಂತಲ್ಲ, ನೀರಿಗೆ ಏನಾಯ್ತು ಅಂತ.

ನಾವು ಎಂಎಸ್ಸಿಯಲ್ಲಿ ಓದುವಾಗ ಕೆಲವು ಪದಾರ್ಥಗಳು ನೀರಿನ ರಚನೆ ಕಟ್ಟುತ್ತವೆ, ಕೆಲವು ಒಡೆಯುತ್ತವೆ ಅಂತ ಪಟ್ಟಿ ಬರೆಸಿದ್ದರು. ಯೂರಿಯಾ ಒಡೆಯುವ ಕಡೆ ಇತ್ತು. ಇಷ್ಟು ವರ್ಷ ಅದನ್ನೇ ಮಕ್ಕಳಿಗೂ ಹೇಳುತ್ತಾ ಬಂದಿದ್ದೇನೆ. ಅದು ನಿಜವೇ? ಈ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಧಾರವಾಡ ಬಿಎಸ್ಸಿ

ಸರ್, ಒಡೆಯುವುದನ್ನು ನಾನೇ ನೋಡಿದ್ದೇನೆ ಅನ್ನಿಸುತ್ತೆ. ಹೋದ ತಿಂಗಳು ಪ್ರಾಕ್ಟಿಕಲ್‌ನಲ್ಲಿ ಓಸ್ವಾಲ್ಡ್ ವಿಸ್ಕೋಮೀಟರ್ ಇತ್ತು, ದ್ರವ ಎಷ್ಟು ಮಂದವಾಗಿ ಹರಿಯುತ್ತದೆ ಅಂತ ಅಳೆಯುವ ಗಾಜಿನ ಕೊಳವೆ. ಬರೀ ನೀರು ಕೆಳಗಿನ ಗೆರೆಗೆ ಬರಲು 108 ಸೆಕೆಂಡ್ ತೆಗೆದುಕೊಂಡಿತು. 1 ಮೋಲಾರ್ (ಲೀಟರ್‌ಗೆ ಒಂದು ಮೋಲ್; ಮೋಲ್ ಅಂದರೆ ಅಣುಗಳನ್ನು ಎಣಿಸುವ ಅಳತೆ) ಪೊಟ್ಯಾಸಿಯಂ ಕ್ಲೋರೈಡ್ ಹಾಕಿದ ನೀರು 102 ಸೆಕೆಂಡಿಗೇ ಇಳಿಯಿತು. ಉಪ್ಪು ಹಾಕಿದರೆ ಮಂದ ಆಗಬೇಕಿತ್ತು, ಅಲ್ವಾ? ನನ್ನದೇ ತಪ್ಪು ಅಂತ ಮೂರು ಸಲ ಮಾಡಿದೆ. ಮೂರು ಸಲವೂ ಅಷ್ಟೇ. ಜೋನ್ಸ್ ಮತ್ತು ಡೋಲ್ 1929ರಲ್ಲೇ ಇದಕ್ಕೆ ಸಮೀಕರಣ ಬರೆದಿದ್ದಾರೆ ಅಂತ ಆಮೇಲೆ ಓದಿದೆ. ಅದರ ಬಿ ಅನ್ನುವ ಅಂಕಿ ಮೈನಸ್ ಬಂದರೆ ರಚನೆ ಒಡೆಯುವ ಉಪ್ಪು ಅಂತೆ. ಪೊಟ್ಯಾಸಿಯಂ ಕ್ಲೋರೈಡ್‌ಗೆ ಮೈನಸ್. ಹಾಗಾದರೆ 6 ಸೆಕೆಂಡಿನಷ್ಟು ರಚನೆ ಒಡೆದಿದೆ ಅಂತ ಅರ್ಥವಲ್ಲವೇ?

ಲ್ಯಾಬ್ ಅಕ್ಕ

ತಂಗಿ, ಮೂರು ಸಲ ಮಾಡಿದ್ದು ತುಂಬಾ ಒಳ್ಳೆಯ ಕೆಲಸ. ಆದರೆ ಒಂದು ಹೆಜ್ಜೆ ಬಿಟ್ಟಿದ್ದೀಯ. ಆ ಕೊಳವೆಯಲ್ಲಿ ದ್ರವ ತನ್ನ ಭಾರದಿಂದಲೇ ಇಳಿಯುತ್ತದೆ. ಉಪ್ಪುನೀರು ಭಾರ ಜಾಸ್ತಿ, ಹಾಗಾಗಿ ಬೇಗ ಇಳಿಯುತ್ತದೆ. ಸಮಯವನ್ನು ಸಾಂದ್ರತೆಯಿಂದ ಗುಣಿಸಬೇಕು. 102ನ್ನು 1.044ರಿಂದ ಗುಣಿಸು, 106.5 ಬರುತ್ತದೆ. ನೀರಿನ 108ನ್ನು 0.997ರಿಂದ ಗುಣಿಸು, 107.7. ನಿಜವಾದ ವ್ಯತ್ಯಾಸ ಹೆಚ್ಚುಕಡಿಮೆ 1 ಪರ್ಸೆಂಟ್ ಅಷ್ಟೇ. ಆ 6 ಸೆಕೆಂಡಿನಲ್ಲಿ 5 ಸೆಕೆಂಡ್ ಸುಮ್ನೆ ತೂಕದ್ದು.

ಇನ್ನೊಂದು ಮಾತು. ನೀರಿನ ಸ್ನಿಗ್ಧತೆ, ಅಂದರೆ ಹರಿಯುವಾಗಿನ ಮಂದತನ, ಒಂದು ಡಿಗ್ರಿಗೆ ಸುಮಾರು 2 ಪರ್ಸೆಂಟ್ ಬದಲಾಗುತ್ತದೆ. ನೀನು ನೀರನ್ನು ಬೆಳಿಗ್ಗೆ ಅಳೆದು ಉಪ್ಪುನೀರನ್ನು ಮಧ್ಯಾಹ್ನ ಅಳೆದಿದ್ದರೆ, ರೂಮಿನ ಬಿಸಿಯೇ ಆ 1 ಪರ್ಸೆಂಟನ್ನು ನುಂಗಿಹಾಕುತ್ತದೆ. ವಿಸ್ಕೋಮೀಟರನ್ನು ವಾಟರ್ ಬಾತ್‌ನಲ್ಲಿ ನಿಲ್ಲಿಸಿ ಮತ್ತೆ ಮಾಡು. ಸಾಧ್ಯವಾದರೆ ಪೊಟ್ಯಾಸಿಯಂ ಅಯೊಡೈಡ್‌ನಲ್ಲೂ ಮಾಡು. ಅದರಲ್ಲಿ ಪರಿಣಾಮ ಇನ್ನೂ ದೊಡ್ಡದು, ಯಾರಿಗೂ ಅನುಮಾನ ಉಳಿಯುವುದಿಲ್ಲ.

ಹಾವೇರಿ ಮೇಷ್ಟ್ರು

ಇದನ್ನು ನಾನೂ ಮರೆತಿದ್ದೆ ಮೇಡಂ. ಓದುತ್ತಿರುವ ಹುಡುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ನೀರಿನ "ರಚನೆ" ಅಂದರೆ ಮನೆಯ ಗೋಡೆಯ ಹಾಗೆ ನಿಂತಿರುವುದಲ್ಲ. ಐಸಿನಲ್ಲಿ ಒಂದೊಂದು ಅಣು ಸುತ್ತಲಿನ ನಾಲ್ಕು ಅಣುಗಳ ಕೈ ಹಿಡಿದಿರುತ್ತದೆ. ನೀರಿನಲ್ಲೂ ಹೆಚ್ಚುಕಡಿಮೆ ಹಾಗೇ ಅಂತ ಬರ್ನಾಲ್ ಮತ್ತು ಫೌಲರ್ 1933ರಲ್ಲಿ ಬರೆದರು. ವ್ಯತ್ಯಾಸ ಏನೆಂದರೆ, ನೀರಿನಲ್ಲಿ ಹಿಡಿದ ಕೈ ಬದಲಾಗುತ್ತಲೇ ಇರುತ್ತದೆ. ನಾನು ಕ್ಲಾಸಿನಲ್ಲಿ ಕೋಲಾಟ ಅಂತ ಹೇಳುತ್ತೇನೆ. ಪ್ರತಿ ಹೊಡೆತಕ್ಕೂ ಎದುರಿನವರು ಬೇರೆ, ಆದರೆ ಸುತ್ತು ಮಾತ್ರ ಸುತ್ತೇ. ಆ ಸುತ್ತಿಗೆ ನಾವು ರಚನೆ ಅನ್ನುತ್ತೇವೆ.

ಈಗ ನನ್ನ ಪ್ರಶ್ನೆ ಹೀಗಾಗುತ್ತದೆ. ಆಟದ ಮಧ್ಯೆ ಹೊಸಬರೊಬ್ಬರು ಬಂದು ನಿಂತರೆ ಪಕ್ಕದ ನಾಲ್ಕು ಜನ ಮಾತ್ರ ಹೆಜ್ಜೆ ತಪ್ಪುತ್ತಾರೋ, ಇಡೀ ಸುತ್ತೇ ಕೆಡುತ್ತದೋ?

ಲೇಸರ್ ಕೆಲಸದವ

ಮೇಷ್ಟ್ರೇ, ಪ್ರಶ್ನೆ ಸರಿಯಾದ ಜಾಗಕ್ಕೇ ಬಂತು. ನಾನು ಹೊರದೇಶದಲ್ಲಿ ಇದೇ ತರಹದ ಲೇಸರ್ ಪ್ರಯೋಗಗಳ ಮೇಲೆ ಕೆಲಸ ಮಾಡುತ್ತೇನೆ. ಕನ್ನಡದಲ್ಲಿ ಈ ಮಾತು ಆಡಲು ಸಿಕ್ಕಿದ್ದು ಬಹಳ ಖುಷಿ.

2003ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹ್ಯೂಬ್ ಬಾಕರ್ ಗುಂಪು ಇದನ್ನು ನೇರವಾಗಿ ಅಳೆಯಿತು. ಅತಿ ಚಿಕ್ಕ ಇನ್‌ಫ್ರಾರೆಡ್ ಮಿಂಚೊಂದನ್ನು ಒಂದು ದಿಕ್ಕಿನಲ್ಲಿ ಬಿಡುತ್ತಾರೆ. ಆ ದಿಕ್ಕಿಗೆ ಮುಖ ಮಾಡಿದ ನೀರಿನ ಅಣುಗಳಿಗೆ ಮಾತ್ರ ಗುರುತು ಹಾಕಿದ ಹಾಗಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎರಡನೇ ಮಿಂಚು ಬಿಟ್ಟು, ಗುರುತಿನ ಅಣುಗಳು ಎಷ್ಟು ತಿರುಗಿವೆ ಅಂತ ನೋಡುತ್ತಾರೆ. "ಸ್ವಲ್ಪ ಹೊತ್ತು" ಅಂದರೆ ಪಿಕೋಸೆಕೆಂಡ್, ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಬರೀ ನೀರಿನಲ್ಲಿ ಅಣು ಸುಮಾರು ಎರಡೂವರೆ ಪಿಕೋಸೆಕೆಂಡಿನಲ್ಲಿ ಮುಖ ತಿರುಗಿಸಿಬಿಡುತ್ತದೆ.

ಅವರು ಸಲ್ಫೇಟ್, ಪರ್‌ಕ್ಲೋರೇಟ್ ಉಪ್ಪುಗಳನ್ನು ಧಾರಾಳವಾಗಿ ಕರಗಿಸಿ ನೋಡಿದರು. ಪಟ್ಟಿಯಲ್ಲಿ ಒಂದು ಕಟ್ಟುವುದು, ಇನ್ನೊಂದು ಒಡೆಯುವುದು. ಅಯಾನಿಗೆ (ಉಪ್ಪು ಕರಗಿದಾಗ ಬಿಡಿಯಾಗುವ ಚಾರ್ಜ್ ಇರುವ ಕಣಕ್ಕೆ) ತಾಗಿ ನಿಂತ ಮೊದಲ ಸಾಲನ್ನು ಬಿಟ್ಟರೆ ಉಳಿದ ನೀರು ಬರೀ ನೀರಿನ ಹಾಗೇ ತಿರುಗುತ್ತಿತ್ತು. ಎರಡೂ ಉಪ್ಪಿನಲ್ಲಿ! ಅಂದರೆ ನಿಮ್ಮ ಕೋಲಾಟದಲ್ಲಿ ಹೊಸಬರ ಪಕ್ಕದವರಿಗೆ ಮಾತ್ರ ತೊಂದರೆ, ಸುತ್ತು ನಿಲ್ಲುವುದಿಲ್ಲ.

ಧಾರವಾಡ ಬಿಎಸ್ಸಿ

ಹಾಗಿದ್ದರೆ ಸ್ನಿಗ್ಧತೆ ಯಾಕೆ ಕಡಿಮೆಯಾಗುತ್ತದೆ ಅಣ್ಣ? 1 ಪರ್ಸೆಂಟೇ ಇರಲಿ, ಇಡೀ ದ್ರವ ಬೇಗ ಹರಿಯಿತಲ್ಲ. ದೂರದ ನೀರಿಗೆ ಏನೂ ಆಗದಿದ್ದರೆ ಅದು ಹೇಗೆ?

ಲೇಸರ್ ಕೆಲಸದವ

ಒಂದು ಲೆಕ್ಕ ಮಾಡು, ನಿನಗೇ ಗೊತ್ತಾಗುತ್ತದೆ. ನಿನ್ನ 1 ಮೋಲಾರ್ ದ್ರಾವಣದ ಒಂದು ಲೀಟರ್‌ನಲ್ಲಿ ಸುಮಾರು 54 ಮೋಲ್ ನೀರು ಇದೆ. ಪೊಟ್ಯಾಸಿಯಂ ಒಂದು, ಕ್ಲೋರೈಡ್ ಒಂದು. ಒಂದೊಂದರ ಸುತ್ತ ಆರೇಳು ನೀರು ನಿಲ್ಲುತ್ತದೆ. ಅಲ್ಲಿಗೆ 54ರಲ್ಲಿ 12-13 ಅಣುಗಳು ಮೊದಲ ಸಾಲಿನಲ್ಲೇ ಇವೆ. ಹತ್ತಿರ ಹತ್ತಿರ ಕಾಲು ಭಾಗ ನೀರು! ದ್ರವದ ಕಾಲು ಭಾಗ ಬೇರೆ ತರಹ ಹರಿದರೆ ಒಟ್ಟು ಹರಿವು ಬದಲಾಗಲೇಬೇಕಲ್ಲ. ದೂರದ ನೀರನ್ನು ಮುಟ್ಟುವ ಅಗತ್ಯವೇ ಇಲ್ಲ.

ಪೊಟ್ಯಾಸಿಯಂ, ಕ್ಲೋರೈಡ್, ಅಯೊಡೈಡ್ ಇವೆಲ್ಲ ಗಾತ್ರದಲ್ಲಿ ದೊಡ್ಡವು, ಚಾರ್ಜ್ ಒಂದೇ. ನೀರು ನೀರನ್ನು ಹಿಡಿಯುವಷ್ಟು ಬಿಗಿಯಾಗಿ ಇವು ನೀರನ್ನು ಹಿಡಿಯುವುದಿಲ್ಲ. ಆದ್ದರಿಂದ ಇವುಗಳ ಪಕ್ಕದ ನೀರು ಸ್ವಲ್ಪ ಸಡಿಲ. ಲಿಥಿಯಂ, ಮೆಗ್ನೀಸಿಯಂ ಚಿಕ್ಕವು, ಅವು ನೀರನ್ನು ಗಟ್ಟಿಯಾಗಿ ಹಿಡಿದುಕೊಂಡೇ ಓಡಾಡುತ್ತವೆ. ಅಡುಗೆ ಉಪ್ಪಿನ ಸೋಡಿಯಂ ಕೂಡ ಆ ಕಡೆಗೇ ವಾಲುತ್ತದೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. "ಕಟ್ಟುವುದು, ಒಡೆಯುವುದು" ಅನ್ನುವ ಹೆಸರೇ ನಮ್ಮನ್ನು ದಾರಿ ತಪ್ಪಿಸಿದ್ದು. ಅಳೆದದ್ದು ಹರಿವನ್ನು, ಹೆಸರಿಟ್ಟಿದ್ದು ರಚನೆಗೆ. "ಪಕ್ಕದ ನೀರನ್ನು ಬಿಗಿ ಮಾಡುವುದು, ಸಡಿಲ ಮಾಡುವುದು" ಅಂದಿದ್ದರೆ ಇಷ್ಟು ಗೊಂದಲ ಇರುತ್ತಿರಲಿಲ್ಲ.

ಆದರೆ 2003ಕ್ಕೆ ವಿಷಯ ಮುಗಿಯಿತು ಅಂದುಕೊಳ್ಳಬೇಡಿ. ಅದೇ ಬಾಕರ್ ಮತ್ತು ಜೊತೆಯವರು 2010ರಲ್ಲಿ ಇನ್ನೊಂದು ಸಂಗತಿ ಕಂಡರು. ಮೆಗ್ನೀಸಿಯಂ, ಸಲ್ಫೇಟ್ ಎರಡೂ ಬಿಗಿಯಾಗಿ ಹಿಡಿಯುವಂಥವು. ಇವು ಒಟ್ಟಿಗೇ ಇದ್ದರೆ ನಡುವೆ ಸಿಕ್ಕಿದ ನೀರು ಎರಡೂ ಕಡೆಯಿಂದ ಬಂಧಿಯಾಗುತ್ತದೆ. ಆಗ ಪರಿಣಾಮ ಮೊದಲ ಸಾಲು ದಾಟಿ ಹೋಗುತ್ತದೆ. ಒಂದೊಂದೇ ಇದ್ದಾಗ ಹಾಗಾಗುವುದಿಲ್ಲ.

ಹಾವೇರಿ ಮೇಷ್ಟ್ರು

ಮೆಗ್ನೀಸಿಯಂ ಸಲ್ಫೇಟ್! ಎಲೆ ಹಳದಿಯಾದರೆ ನಾವು ಹೊಡೆಯುವುದೇ ಅದನ್ನು. ಅದರ ಬಗ್ಗೆ ನನಗೆ ಮೊದಲಿನಿಂದಲೂ ಅಚ್ಚರಿಯ ಒಂದು ವಿಷಯ ಇದೆ. ತುಂಬಾ ನೀರಿಗೆ ಅದರ ನೀರಿಲ್ಲದ ಪುಡಿಯನ್ನು ಸ್ವಲ್ಪ ಹಾಕಿದರೆ, ಒಟ್ಟು ಪ್ರಮಾಣ ಮೊದಲಿದ್ದ ನೀರಿಗಿಂತ ಕಡಿಮೆಯಾಗುತ್ತದೆ. ಹಾಕಿದ್ದು ಪುಡಿ, ಆದರೆ ಮಟ್ಟ ಇಳಿಯುತ್ತದೆ. ಪಕ್ಕದ ನೀರನ್ನು ಅಷ್ಟು ಒತ್ತಿ ಹಿಡಿಯುತ್ತದೆ ಅಂತ ಈಗ ಸರಿಯಾಗಿ ಅರ್ಥವಾಯಿತು.

ಲ್ಯಾಬ್ ಅಕ್ಕ

ಮೇಷ್ಟ್ರ ಯೂರಿಯಾ ಅಲ್ಲೇ ಉಳಿಯಿತು. ನಾನು ಪ್ರೋಟೀನ್ ಮೇಲೆ ಕೆಲಸ ಮಾಡುವವಳು, ಯೂರಿಯಾ ನನಗೆ ದಿನಾ ಬೇಕು. 8 ಮೋಲಾರ್ ಯೂರಿಯಾದಲ್ಲಿ ಹಾಕಿದರೆ ಬಹಳಷ್ಟು ಪ್ರೋಟೀನ್‌ಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ. ಯಾಕೆ ಅಂತ ಕೇಳಿದರೆ ಹಳಬರ ಉತ್ತರ ಒಂದೇ: ಯೂರಿಯಾ ನೀರಿನ ರಚನೆ ಒಡೆಯುತ್ತದೆ, ನೀರು ಸಡಿಲವಾದ ಮೇಲೆ ಪ್ರೋಟೀನ್ ಒಳಗಿನ ಎಣ್ಣೆ ಸ್ವಭಾವದ ಭಾಗಗಳು ಹೊರಗೆ ಬರಲು ಅಂಜುವುದಿಲ್ಲ.

ಮೇಲಿನ ಲೆಕ್ಕವನ್ನೇ ಇಲ್ಲಿ ಮಾಡಿ. 8 ಮೋಲಾರ್ ದ್ರಾವಣದ ಒಂದು ಲೀಟರ್‌ನಲ್ಲಿ ಯೂರಿಯಾವೇ 480 ಗ್ರಾಂ. ಉಳಿದ ನೀರು ಸುಮಾರು 640 ಗ್ರಾಂ, ಅಂದರೆ ಮೂವತ್ತೈದು ಮೋಲ್ ಚಿಲ್ಲರೆ. ಒಂದು ಯೂರಿಯಾಕ್ಕೆ ನಾಲ್ಕೂವರೆ ನೀರು ಕೂಡ ಇಲ್ಲ! ಅಲ್ಲಿ "ದೂರದ ನೀರು" ಅನ್ನುವುದೇ ಉಳಿದಿಲ್ಲ. ಎಲ್ಲ ನೀರೂ ಯಾವುದೋ ಯೂರಿಯಾದ ಪಕ್ಕದಲ್ಲೇ ಇದೆ. ಅಷ್ಟಿದ್ದೂ 2006ರಲ್ಲಿ ರೆಜುಸ್ ಮತ್ತು ಬಾಕರ್ ಅದೇ ಲೇಸರ್ ವಿಧಾನದಲ್ಲಿ ನೋಡಿದಾಗ, ಹೆಚ್ಚಿನ ನೀರು ಬರೀ ನೀರಿನ ವೇಗದಲ್ಲೇ ತಿರುಗುತ್ತಿತ್ತು. ಒಂದು ಯೂರಿಯಾಕ್ಕೆ ಹೆಚ್ಚುಕಡಿಮೆ ಒಂದು ನೀರಿನ ಅಣು ಮಾತ್ರ ನಿಧಾನವಾಗಿತ್ತು. ಯೂರಿಯಾದ ಆಕಾರ, ಅದರ ಕೈಗಳು ನೀರಿನ ಸುತ್ತಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಒಡೆಯುವವನು ಅಂತ ಹೆಸರಾದವನು ನಿಜಕ್ಕೂ ಆಟ ಗೊತ್ತಿರುವ ಅತಿಥಿ.

ಮತ್ತೆ ಪ್ರೋಟೀನ್ ಬಿಚ್ಚುವುದು ಹೇಗೆ? ಇಂದು ಹೆಚ್ಚಿನವರು ಒಪ್ಪುವ ಉತ್ತರ: ಯೂರಿಯಾ ನೇರವಾಗಿ ಪ್ರೋಟೀನ್‌ಗೇ ಅಂಟಿಕೊಳ್ಳುತ್ತದೆ. ಬಿಚ್ಚಿದಷ್ಟೂ ಅಂಟಲು ಜಾಗ ಜಾಸ್ತಿ, ಹಾಗಾಗಿ ಬಿಚ್ಚಿದ ರೂಪವೇ ಅದಕ್ಕೆ ಅನುಕೂಲ. ನೀರನ್ನು ಮಧ್ಯವರ್ತಿ ಮಾಡುವ ಅಗತ್ಯವಿಲ್ಲ.

ಉಪ್ಪುಗಳ ಕಥೆಯೂ ಇದೇ. 1888ರಲ್ಲಿ ಪ್ರಾಗ್‌ನಲ್ಲಿ ಫ್ರಾಂಜ್ ಹಾಫ್‌ಮೈಸ್ಟರ್ ಮೊಟ್ಟೆಯ ಬಿಳಿಯಲ್ಲಿನ ಪ್ರೋಟೀನನ್ನು ಬೇರೆ ಬೇರೆ ಉಪ್ಪಿನಿಂದ ಗಟ್ಟಿಮಾಡಿ ಕೆಳಗೆ ಕೂರಿಸಿದ. ಸಲ್ಫೇಟ್ ಸ್ವಲ್ಪ ಸಾಕು, ಕ್ಲೋರೈಡ್ ಜಾಸ್ತಿ ಬೇಕು. ಥಯೊಸಯನೇಟ್ ಅನ್ನುವ ಉಪ್ಪಿಗೆ ಉಲ್ಟಾ ಸ್ವಭಾವ, ಪ್ರೋಟೀನನ್ನು ಕರಗಿಸಿ ಇಡುವ ಕಡೆಗೆ. ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನ್ ಇಳಿಸುವುದನ್ನು ನಾವು ಇವತ್ತಿಗೂ ಮಾಡುತ್ತೇವೆ. ಆ ಸರಣಿ ಅಪ್ಪಟ ನಿಜ, ನಾನು ಕೈಯಾರೆ ನೋಡುವಂಥದ್ದು. "ದೂರದ ನೀರಿನ ರಚನೆಯಿಂದ ಹೀಗಾಗುತ್ತದೆ" ಅನ್ನುವ ವಿವರಣೆ ಮಾತ್ರ ಬಿತ್ತು.

ಕುಮಟಾ ಅಡುಗೆಮನೆ

ನನಗೆ ಕೆಮಿಸ್ಟ್ರಿ ಗೊತ್ತಿಲ್ಲ, ಮೀನು ಗೊತ್ತು. ಯೂರಿಯಾ ಪ್ರೋಟೀನ್ ಕೆಡಿಸುತ್ತದೆ ಅಂತ ಓದಿ ತಲೆಗೆ ಬಂದದ್ದು. ನಮ್ಮ ಕೊಂಕಣಿಯಲ್ಲಿ ಶಾರ್ಕ್‌ಗೆ ಮೋರಿ ಅಂತಾರೆ. ಮೋರಿ ತಂದ ದಿನವೇ ಸಾರು ಮಾಡಬೇಕು. ಸ್ವಲ್ಪ ಹೊತ್ತು ಹೊರಗಿಟ್ಟರೂ ಮೂಗಿಗೆ ಬಡಿಯುವ ಅಮೋನಿಯಾ ವಾಸನೆ. ಅದರ ಮೈಯಲ್ಲಿ ಯೂರಿಯಾ ಇರುವುದರಿಂದ ಹಾಗೆ ಅಂತ ಮಗ ಹೇಳುತ್ತಿದ್ದ. ನಮ್ಮ ಅಮ್ಮ ಅರಿಶಿನ, ಉಪ್ಪು ಸವರಿ, ಹುಣಸೆ ನೀರಿನಲ್ಲಿ ನೆನೆಸಿ ತೊಳೆಯುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ. ಅಷ್ಟು ಯೂರಿಯಾ ಮೈಯಲ್ಲಿಟ್ಟುಕೊಂಡು ಆ ಮೀನು ಬದುಕುವುದು ಹೇಗೆ ಅಕ್ಕ?

ಲ್ಯಾಬ್ ಅಕ್ಕ

ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ ಇದು. ನಿಮ್ಮ ಮಗ ಹೇಳಿದ್ದು ಸರಿ. ಸಮುದ್ರದ ಉಪ್ಪು ಮೈಯಿಂದ ನೀರು ಎಳೆದುಕೊಳ್ಳದಂತೆ ಶಾರ್ಕ್ ತನ್ನ ರಕ್ತದಲ್ಲಿ ಸುಮಾರು 0.4 ಮೋಲಾರ್ ಯೂರಿಯಾ ಇಟ್ಟುಕೊಳ್ಳುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ. ನಿಮ್ಮ ಹುಣಸೆಹುಳಿ ಅಮೋನಿಯಾವನ್ನು ಹಾರಿಹೋಗದ ಉಪ್ಪಾಗಿ ಬದಲಿಸುತ್ತದೆ, ನೆನೆಸಿದ ನೀರು ಅದನ್ನು ಹೊತ್ತೊಯ್ಯುತ್ತದೆ. ಅಮ್ಮನ ವಿಧಾನ ಬಹಳ ಸರಿ.

ಬದುಕುವ ಉಪಾಯ ಹೀಗಿದೆ. ಯೂರಿಯಾದ ಜೊತೆಗೆ ಶಾರ್ಕ್ ಟ್ರೈಮೀಥೈಲಮೀನ್ ಆಕ್ಸೈಡ್ ಅನ್ನುವ ಇನ್ನೊಂದು ಸಣ್ಣ ಅಣುವನ್ನು ಇಟ್ಟುಕೊಂಡಿದೆ. ಎರಡು ಪಾಲು ಯೂರಿಯಾಕ್ಕೆ ಒಂದು ಪಾಲು ಇದು. ಇದರ ಆಕ್ಸಿಜನ್ ತುದಿ ಮೂರು ನೀರಿನ ಅಣುಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ, ಪ್ರೋಟೀನ್‌ನ ಬೆನ್ನೆಲುಬಿನ ಹತ್ತಿರ ಹೋಗಲು ಇಷ್ಟಪಡುವುದಿಲ್ಲ. ಹಾಗಾಗಿ ಪ್ರೋಟೀನ್ ಮಡಿಕೆ ಬಿಚ್ಚದೆ ಮೈ ಚಿಕ್ಕದಾಗಿಸಿಕೊಂಡು ಇರುತ್ತದೆ. ಯೂರಿಯಾ ಬಿಚ್ಚಲು ಎಳೆದರೆ ಇದು ಮಡಿಸಿ ಇಡುತ್ತದೆ.

ಇದೇ ಅಣು ಆಳದ ಮೀನುಗಳಲ್ಲೂ ಇದೆ. ಆಳಕ್ಕೆ ಹೋದಷ್ಟೂ ಅದರ ಪ್ರಮಾಣ ಏರುತ್ತದೆ, ಅಲ್ಲಿನ ಒತ್ತಡವೂ ಪ್ರೋಟೀನ್‌ಗಳನ್ನು ಕೆಡಿಸುವುದರಿಂದ. ಈ ಏರಿಕೆಯ ಗೆರೆಯನ್ನೇ ಮುಂದಕ್ಕೆ ಎಳೆದು, ಮೀನುಗಳು ಸುಮಾರು 8,200 ಮೀಟರ್‌ಗಿಂತ ಕೆಳಗೆ ಇರಲಾರವು ಅಂತ 2014ರಲ್ಲಿ ಅಂದಾಜು ಮಾಡಿದರು. 2022ರಲ್ಲಿ ಜಪಾನ್ ಬಳಿಯ ಕಂದಕದಲ್ಲಿ ಕ್ಯಾಮೆರಾಕ್ಕೆ ಸಿಕ್ಕ ಅತಿ ಆಳದ ಮೀನು, ಒಂದು ಸ್ನೇಲ್‌ಫಿಶ್, ಇದ್ದದ್ದು 8,336 ಮೀಟರ್‌ನಲ್ಲಿ. ಒಂದು ಸಣ್ಣ ಅಣುವಿನ ಲೆಕ್ಕ ಎಷ್ಟು ಹತ್ತಿರ ಬಂದಿದೆ ನೋಡಿ.

ತುಮಕೂರಿನಿಂದ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಚಿಕ್ಕಪ್ಪನಿಗೆ ಒಬ್ಬರು ನೀರಿನ ಮೆಷಿನ್ ಮಾರಿದ್ದಾರೆ. ಒಂದು ಲಕ್ಷದ ಮೇಲೆ ಕೊಟ್ಟಿದ್ದಾರೆ. ನೀರಿನ ರಚನೆಯನ್ನೇ ಬದಲಿಸಿ ಆರು ಮೂಲೆಯ ಗುಂಪುಗಳಾಗಿ ಮಾಡುತ್ತದಂತೆ, ಬಾಟಲಿಯಲ್ಲಿ ತುಂಬಿಟ್ಟರೂ ಹಾಗೇ ಇರುತ್ತದಂತೆ. ಅದನ್ನು ನಂಬಿ ಶುಗರ್ ಮಾತ್ರೆ ಕಡಿಮೆ ಮಾಡುವ ಮಾತಾಡುತ್ತಿದ್ದಾರೆ. ಏನು ಹೇಳಲಿ?

ಲೇಸರ್ ಕೆಲಸದವ

ಮೊದಲು ಡಾಕ್ಟರನ್ನು ಕೇಳದೆ ಮಾತ್ರೆ ಕಡಿಮೆ ಮಾಡಬೇಡಿ ಅಂತ ಹೇಳಿ. ಇವತ್ತೇ ಫೋನ್ ಮಾಡಿ.

ನೀರಿನ ಮಾತು ಆಮೇಲೆ. 2005ರಲ್ಲಿ ಬರೀ ನೀರಿನ ಮೇಲೆ ಒಂದು ಪ್ರಯೋಗ ಬಂತು. ಒಂದು ಕ್ಷಣದಲ್ಲಿ ಅಣುಗಳು ಹೇಗೆ ಕೈ ಹಿಡಿದಿದ್ದವು ಅನ್ನುವ ನೆನಪು ನೀರಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಅಳೆದರು. ಸುಮಾರು 50 ಫೆಮ್ಟೊಸೆಕೆಂಡ್. ಪಿಕೋಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಉಪ್ಪು ಕರಗಿಸಿದರೆ, ಆ ಉಪ್ಪು ಅಲ್ಲೇ ನಿಂತು ಪಕ್ಕದ ನೀರನ್ನು ಹಿಡಿದಿರುವುದರಿಂದ ಪರಿಣಾಮ ಉಳಿಯುತ್ತದೆ. ಯಾರೂ ಹಿಡಿಯದೆ, ನೀರು ತಾನಾಗಿ ಒಂದು ಆಕಾರವನ್ನು ಬಾಟಲಿಯಲ್ಲಿ ಕಾಪಾಡಿಕೊಳ್ಳಲಾರದು. ಚಿಕ್ಕಪ್ಪನಿಗೆ ಬೇಸರವಾಗದ ಹಾಗೆ ತಿಳಿಸಿ. ಮೋಸ ಹೋದವರದ್ದು ತಪ್ಪಲ್ಲ.

ಕಾಕಿನಾಡ ಕನ್ನಡಿಗ

ಎಲ್ಲರೂ ಉಪ್ಪು, ಯೂರಿಯಾ ಅಂದಿರಿ. ನೀರನ್ನು ಹಿಡಿಯುವ ಕೈಯೇ ಇಲ್ಲದ ಅಣು ಕರಗಿದರೆ? ಮೀಥೇನ್ ಅಂಥದ್ದು. 1945ರಲ್ಲಿ ಫ್ರಾಂಕ್ ಮತ್ತು ಇವಾನ್ಸ್ ಇಂಥ ಅಣುಗಳ ಸುತ್ತ ನೀರು ಸಣ್ಣ ಹಿಮಗಡ್ಡೆಯ ಹಾಗೆ ಕಟ್ಟಿಕೊಳ್ಳುತ್ತದೆ ಅಂದರು. ಎಂಟ್ರೋಪಿ (ಅಣುಗಳ ಅಸ್ತವ್ಯಸ್ತತೆಯ ಅಳತೆ) ಅಂದುಕೊಂಡದ್ದಕ್ಕಿಂತ ಜಾಸ್ತಿ ಇಳಿಯುತ್ತಿತ್ತು, ಅದಕ್ಕೆ ಆ ಚಿತ್ರ. ತಂಪು ಮತ್ತು ಒತ್ತಡ ಎರಡೂ ಸಿಕ್ಕರೆ ನಿಜವಾಗಿಯೂ ನೀರು ಮೀಥೇನ್ ಸುತ್ತ ಪಂಜರ ಕಟ್ಟಿ ಗಟ್ಟಿಯಾಗುತ್ತದೆ. ನಾನು ಕೆಲಸ ಮಾಡುವ ಕೃಷ್ಣಾ-ಗೋದಾವರಿ ಕಡಲಿನ ತಳದಲ್ಲಿ 2006ರ ಶೋಧದಲ್ಲಿ ಅಂಥ ಹೈಡ್ರೇಟ್ ಸಿಕ್ಕಿತು. ಒಂದು ಘನ ಮೀಟರ್ ಕರಗಿದರೆ 160 ಘನ ಮೀಟರ್‌ಗಿಂತ ಹೆಚ್ಚು ಗ್ಯಾಸ್ ಬರುತ್ತದೆ. ಪೈಪಿನಲ್ಲಿ ಕಟ್ಟಿಕೊಂಡರೆ ಲೈನೇ ನಿಲ್ಲುತ್ತದೆ, ನಮಗೆ ಅದೇ ದೊಡ್ಡ ಭಯ. ಹಾಗಾದರೆ ಸಾಮಾನ್ಯ ನೀರಿನಲ್ಲೂ ಹಿಮಗಡ್ಡೆ ಇದೆಯೇ?

ಲ್ಯಾಬ್ ಅಕ್ಕ

ಸಾಮಾನ್ಯ ಉಷ್ಣತೆಯಲ್ಲಿ ಗಡ್ಡೆ ಇಲ್ಲ. ನ್ಯೂಟ್ರಾನ್ ಪ್ರಯೋಗಗಳಲ್ಲಿ ಆಲ್ಕೊಹಾಲ್‌ನ ಎಣ್ಣೆ ಭಾಗದ ಸುತ್ತ ಐಸಿನಂಥ ನೀರು ಕಾಣಲಿಲ್ಲ, ನೀರು ನೀರಾಗೇ ಇತ್ತು. ಆದರೆ ಫ್ರಾಂಕ್, ಇವಾನ್ಸ್ ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. 2012ರಲ್ಲಿ ಅಮೆರಿಕದ ಬೆನ್-ಅಮೋಟ್ಜ್ ಗುಂಪು ಆಲ್ಕೊಹಾಲ್‌ಗಳ ಪಕ್ಕದ ನೀರನ್ನು ಮಾತ್ರ ಬೇರ್ಪಡಿಸಿ ನೋಡಿತು. ತಣ್ಣಗಿರುವಾಗ ಆ ನೀರು ದೂರದ ನೀರಿಗಿಂತ ತುಸು ಹೆಚ್ಚು ಶಿಸ್ತಾಗಿತ್ತು. ಬಿಸಿ ಏರಿದಂತೆ ಆ ಶಿಸ್ತು ಕರಗಿತು. ಅವರು ಬಳಸಿದ್ದು ಅಣುಗಳಿಗೆ ತಾಗಿ ಬಣ್ಣ ಬದಲಿಸಿ ಚದುರುವ ರಾಮನ್ ಬೆಳಕನ್ನು, ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡದ್ದು. ಅಂಥ ನೀರು ಎಷ್ಟು ನಿಧಾನ ಅನ್ನುವುದರ ಮೇಲೆ ಈ ಕ್ಷೇತ್ರದವರು ಇವತ್ತಿಗೂ ವಾದ ಮಾಡುತ್ತಾರೆ.

ಧಾರವಾಡ ಬಿಎಸ್ಸಿ

ಅಕ್ಕ, ಮೇಡಂ ಹತ್ತಿರ ಕೇಳಿ ವಾಟರ್ ಬಾತ್ ಹಾಕಿಸಿಕೊಂಡೆ. 25 ಡಿಗ್ರಿ. ಪೊಟ್ಯಾಸಿಯಂ ಅಯೊಡೈಡ್ ದುಬಾರಿ ಅಂತ ಸ್ವಲ್ಪವೇ ಕೊಟ್ಟರು, 25 ಎಂಎಲ್ ಮಾಡಲು ಸಾಕಾಯಿತು. ಎಲ್ಲವೂ 1 ಮೋಲಾರ್. ಐದೈದು ಸಲ ಅಳೆದ ಸರಾಸರಿ: ನೀರು 113 ಸೆಕೆಂಡ್, ಅಡುಗೆ ಉಪ್ಪು 118, ಪೊಟ್ಯಾಸಿಯಂ ಕ್ಲೋರೈಡ್ 107, ಅಯೊಡೈಡ್ 94. ಈ ಸಲ ಸಾಂದ್ರತೆಯಿಂದ ಗುಣಿಸಿದೆ. ಅಡುಗೆ ಉಪ್ಪು ನೀರಿಗಿಂತ 9 ಪರ್ಸೆಂಟ್ ಮಂದ. ಪೊಟ್ಯಾಸಿಯಂ ಕ್ಲೋರೈಡ್ ಬರೀ 1 ಪರ್ಸೆಂಟ್ ಸಡಿಲ. ಅಯೊಡೈಡ್ 7 ಪರ್ಸೆಂಟ್ ಸಡಿಲ!

ಲ್ಯಾಬ್ ಅಕ್ಕ

ಚೆನ್ನಾಗಿ ಬಂದಿದೆ ತಂಗಿ. ಅಯೊಡೈಡ್ ಚೆಲ್ಲಬೇಡ, ಕಂದು ಬಾಟಲಿಯಲ್ಲಿ ಮುಚ್ಚಿಡು. ಬಾತ್ 40 ಡಿಗ್ರಿಗೆ ಏರಿಸಿ ಅದನ್ನೇ ಮತ್ತೊಮ್ಮೆ ಅಳೆ. ಬಿಸಿ ನೀರಿನಲ್ಲಿ ಅಣುಗಳ ಹಿಡಿತ ಮೊದಲೇ ಸಡಿಲ, ಅಯೊಡೈಡ್‌ಗೆ ಸಡಿಲಿಸಲು ಉಳಿಯುವುದು ಕಡಿಮೆ. ಆ 7 ಪರ್ಸೆಂಟ್ ಇಳಿಯಬೇಕು. ಎಷ್ಟು ಇಳಿಯುತ್ತದೆ ಅಂತ ಇಲ್ಲಿ ಬರಿ.

ಧಾರವಾಡ ಬಿಎಸ್ಸಿ

ಶನಿವಾರ ಬಾತ್ ಖಾಲಿ ಇರುತ್ತೆ ಅಕ್ಕ, ಅವತ್ತೇ ಮಾಡುತ್ತೇನೆ. ಮೇಷ್ಟ್ರೇ, ನಿಮ್ಮ ಯೂರಿಯಾವನ್ನೂ ಅಳೆಯುತ್ತೇನೆ. ಮಗಳಿಗೆ ಹೇಳಿ.

ಹಾವೇರಿ ಮೇಷ್ಟ್ರು

ಹೇಳಿದೆಮ್ಮಾ. ಬಕೆಟ್ ತಣ್ಣಗಾದ ಮೇಲೆ ಅಳೆಯುತ್ತಾರೋ, ಮತ್ತೆ ರೂಮಿನ ಬಿಸಿಗೆ ಬಂದ ಮೇಲೋ ಅಂತ ಕೇಳುತ್ತಿದ್ದಾಳೆ. ಬಾತ್‌ನಲ್ಲಿ ಒಂದರ್ಧ ಗಂಟೆ ಇಟ್ಟು, ಎಲ್ಲವೂ 25ಕ್ಕೆ ಬಂದ ಮೇಲೆ ಅಂತ ಹೇಳಿದ್ದೇನೆ.